ಮಣ್ಣಿನ ಪಾಸ್‌ಬುಕ್

ಮಕ್ಕಳೇ, ಅಮೆರಿಕದ ನೆಬ್ರಾಸ್ಕಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗ ನನ್ನನ್ನು ಹುಲ್ಲುಗಾವಲಿಗೆ ಕರೆದೊಯ್ದ. "ಬರೀ ಹುಲ್ಲಲ್ಲವೇನೋ?" ಎಂದೆ. "ತಾತ, ಇದರ ಬೇರು ನಿಮಗಿಂತ ಉದ್ದ!" ಎಂದ.

ಅಲ್ಲಿನ ಲಿಂಕನ್ ನಗರದ ವಿಶ್ವವಿದ್ಯಾಲಯದಲ್ಲಿ ಈ ಮಹಾಬಯಲಿನ ಚರಿತ್ರೆ, ಸಂಸ್ಕೃತಿ, ಪರಿಸರದ ಅಧ್ಯಯನಕ್ಕೆಂದೇ ಒಂದು ಕೇಂದ್ರವಿದೆ. ಹಿಂದೆ ಇಲ್ಲಿ ಮೂಲನಿವಾಸಿಗಳು ಕಾಡುಕೋಣದಂಥ ಬೈಸನ್ ಬೇಟೆಯಾಡುತ್ತಿದ್ದರು. ಆಮೇಲೆ ಬಂದವರು ಗೋಧಿಗಾಗಿ ಹುಲ್ಲುನೆಲವನ್ನು ಉತ್ತರು. 1930ರ ದಶಕದಲ್ಲಿ ಮಳೆ ಕೈಕೊಟ್ಟಿತು. ಬೇರಿನ ಹಿಡಿತವಿಲ್ಲದ ಮಣ್ಣು ದೂಳಾಗಿ ಎದ್ದಿತು. 1935ರ ಏಪ್ರಿಲ್ 14ರಂದು ದಕ್ಷಿಣದ ಬಯಲಿನಲ್ಲಿ ಹಗಲೇ ಕತ್ತಲಾಯಿತು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಜಮೆಯಿಲ್ಲದೆ ತೆಗೆಯುತ್ತಲೇ ಇದ್ದರೆ ಖಾತೆ ಬರಿದಾಗುತ್ತದೆ. ಆದರೂ ಎರಡು ಸಾಲು ಹೆಚ್ಚು ಜೋಳಕ್ಕೆಂದು ನಮ್ಮ ಹೊಲದ ಬದುವಿನ ಹುಲ್ಲನ್ನು ಪ್ರತಿವರ್ಷ ಕೆತ್ತಿಸುತ್ತಿದ್ದೆ. ಊರಿಗೆ ಮರಳಿದವನೇ ಅದನ್ನು ನಿಲ್ಲಿಸಿದೆ. ಈಗ ಬದುವಿನ ಮೇಲೆ ಹುಲ್ಲು ಚಿಗುರಿದೆ.