ಎರಡನೇ ಮನೆಯ ಮಕ್ಕಳು

ತಂದೆ ತೀರಿಕೊಂಡು ಪಹಣಿಯಲ್ಲಿ ಹೆಸರು ಬದಲಿಸುವ ಹೊತ್ತಿಗೆ ವಂಶವೃಕ್ಷದಿಂದ ಮೊದಲು ಬಿಟ್ಟುಹೋಗುವುದು ಎರಡನೇ ಹೆಂಡತಿಯ ಮಕ್ಕಳ ಹೆಸರು. ‘ಆ ಮದುವೆಯೇ ಮದುವೆಯಲ್ಲ’ ಎಂಬ ಒಂದು ಮಾತಿಗೆ ಮಕ್ಕಳ ಹಕ್ಕೂ ಕೊಚ್ಚಿಹೋಗುತ್ತದೆ.

ಕಾನೂನು ಹಾಗೆ ಹೇಳುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 16ನೇ ಕಲಂ, 1976ರ ತಿದ್ದುಪಡಿಯ ನಂತರ, ಅಸಿಂಧು ಮದುವೆಯಲ್ಲಿ ಹುಟ್ಟಿದ ಮಕ್ಕಳನ್ನೂ ಸಕ್ರಮ ಎಂದೇ ಒಪ್ಪುತ್ತದೆ. ಆದರೆ ಪಿತ್ರಾರ್ಜಿತದಲ್ಲಿ ಪಾಲುಂಟೇ? ಕರ್ನಾಟಕದಿಂದ ಹೋದ ಒಂದು ಪಾಲು ವಿಭಾಗದ ದಾವೆಯಲ್ಲಿ ಈ ಪ್ರಶ್ನೆ 2011ರಲ್ಲಿ ಸುಪ್ರೀಂ ಕೋರ್ಟ್‌ನ ದೊಡ್ಡ ಪೀಠದ ಮುಂದೆ ಹೋಯಿತು. ಉತ್ತರ ಬಂದದ್ದು 2023ರ ಸೆಪ್ಟೆಂಬರ್ 1ರಂದು. ಹನ್ನೆರಡು ವರ್ಷ! ಕಾಯುವ ಮಕ್ಕಳಿಗೆ ಇದು ಅನ್ಯಾಯವೇ ಸರಿ.

ತೀರ್ಪಿನ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಒಂಬತ್ತು ಎಕರೆ ಪಿತ್ರಾರ್ಜಿತ ಜಮೀನು. ಮೊದಲ ಹೆಂಡತಿಗೆ ಒಬ್ಬ ಮಗ, ಒಬ್ಬಳು ಮಗಳು. ಆಕೆ ಬದುಕಿದ್ದಾಗಲೇ ಆದ ಎರಡನೇ ಮದುವೆಯಿಂದ ಒಬ್ಬ ಮಗ. ಮೊದಲ ಹೆಂಡತಿ ತೀರಿಕೊಂಡ ಮೇಲೆ ತಂದೆಯೂ ಉಯಿಲು ಬರೆಯದೆ ಸತ್ತ. ಸಾವಿಗೆ ತುಸು ಮುಂಚೆ ಪಾಲಾಗಿದೆ ಎಂದು ಭಾವಿಸಿದರೆ ತಂದೆ, ಮೊದಲ ಮಗ, ಮಗಳು, ಮೂವರಿಗೂ ತಲಾ ಮೂರು ಎಕರೆ. ತಂದೆಯ ಮೂರು ಎಕರೆ ಮಾತ್ರ ಮೂರೂ ಮಕ್ಕಳಿಗೆ ಸಮಪಾಲು. ಎರಡನೇ ಮನೆಯ ಮಗನಿಗೆ ಒಂದು ಎಕರೆ, ಉಳಿದಿಬ್ಬರಿಗೆ ನಾಲ್ಕು ನಾಲ್ಕು.

ಚಿಕ್ಕಪ್ಪ, ದೊಡ್ಡಪ್ಪಂದಿರ ಆಸ್ತಿಯಲ್ಲಿ ಅವನಿಗೆ ಹಕ್ಕಿಲ್ಲ. ಅವನ ತಾಯಿಗೆ, ಗಂಡ ಉಯಿಲು ಬರೆದಿಡದಿದ್ದರೆ, ವಾರಸಿನಲ್ಲಿ ಒಂದು ಗುಂಟೆಯೂ ಇಲ್ಲ.