ಏಳು ಸೀಟಿನ ಗಾಡಿ, ನಾಲ್ಕು ಜನರ ಪ್ರಯಾಣ

ನಮ್ಮ ಮನೆಯಲ್ಲಿ ಏಳು ಜನ. ಅಪ್ಪ, ಅವ್ವ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ಜೊತೆಗೆ ಜಿಲ್ಲೆಯ ಸುದ್ದಿ ಬರೆದು ಕಳಿಸುವ ನಾವು. ಹದಿನೈದು ವರ್ಷ ತುಂಬಿದ ಓಮ್ನಿಯನ್ನು ಕೊಟ್ಟುಬಿಡೋಣ ಎಂದಾದ ಮೇಲೆ, ಮುಂದಿನ ಗಾಡಿ ಯಾವುದು ಎಂಬ ಚರ್ಚೆ ಎರಡು ತಿಂಗಳು ನಡೆಯಿತು. ನಿಮ್ಮ ಮನೆಯಲ್ಲೂ ಇದೇ ಮಾತು ನಡೆಯುತ್ತಿದ್ದರೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇವೆ.

ಓಮ್ನಿಯ ಋಣ ದೊಡ್ಡದು. 1984ರಲ್ಲಿ ಬಂದ ಈ ಗಾಡಿಯನ್ನು ನಮ್ಮ ಕಡೆ ಇವತ್ತಿಗೂ 'ಮಾರುತಿ ವ್ಯಾನ್' ಎಂದೇ ಕರೆಯುತ್ತಾರೆ. 796 ಸಿಸಿಯ ಪುಟ್ಟ ಇಂಜಿನ್, ಅದೂ ಮುಂದಿನ ಸೀಟಿನ ಕೆಳಗೆ. ಶಾಲೆ ಮಕ್ಕಳು, ಮದುವೆ ದಿಬ್ಬಣ, ಮೆಣಸಿನ ಮೂಟೆ, ಹೆರಿಗೆ ನೋವಿನ ಹೆಂಗಸರು, ಎಲ್ಲವನ್ನೂ ಹೊತ್ತಿದೆ. ಆದರೆ ಡ್ರೈವರ್ ಮೊಣಕಾಲಿಗೂ ಎದುರು ಬರುವ ಲಾರಿಗೂ ನಡುವೆ ಇರುವುದು ಹೆಚ್ಚುಕಡಿಮೆ ತಗಡು ಮಾತ್ರ. ಹೊಸ ಸುರಕ್ಷತಾ ನಿಯಮಗಳಿಗೆ ಹೊಂದದೆ 2019ರಲ್ಲಿ ಅದರ ತಯಾರಿಕೆ ನಿಂತಿತು. ಅಪಘಾತದ ಸುದ್ದಿ ಕಳಿಸಿದಾಗ ಡೆಸ್ಕಿನವರು ನಮ್ಮನ್ನು ಮೊದಲು ಕೇಳುವ ಪ್ರಶ್ನೆಯೇ 'ವ್ಯಾನಿನಲ್ಲಿ ಎಷ್ಟು ಜನ ಇದ್ದರು?' ಎಂದು. ಐದು ಸೀಟಿನ ಗಾಡಿಗೆ ಹನ್ನೊಂದು ಎಂದು ಬರೆದದ್ದೂ ಉಂಟು.

ಕಳೆದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗಾಲು ಎತ್ತುವುದು ಕಷ್ಟ. ತಿಂಗಳಿಗೊಮ್ಮೆ ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಹೋಗಬೇಕು. 2019ರ ಮಳೆಗೆ ಕುಸಿದು ತಿಂಗಳುಗಟ್ಟಲೆ ಸಂಚಾರ ನಿಂತಿತ್ತಲ್ಲ, ಅದೇ ರಸ್ತೆ. ಹಾಗಾಗಿ ನಮಗೆ ಬೇಕಿದ್ದದ್ದು ಹೈವೇಯಲ್ಲಿ ಓಡುವ ಗಾಡಿಯಲ್ಲ, ಘಾಟಿಯಲ್ಲಿ ನಂಬಬಹುದಾದ ಗಾಡಿ.

ಒಂದು ಶೋರೂಮಿನಲ್ಲಿ 'ಟೆಸ್ಟ್ ಡ್ರೈವ್ ಘಾಟಿಗೆ ಕೊಡೋದಿಲ್ಲ ಸಾರ್, ಊರೊಳಗೆ ಒಂದು ರೌಂಡ್ ಹೊಡೀರಿ' ಅಂದರು. ಸಪಾಟು ರಸ್ತೆಯಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ಅದಕ್ಕೇ ಪರಿಚಯದವರ ಹತ್ತಿರ ಕೇಳಿದೆವು. ಬ್ರೆಡ್ ಲೈನಿಗೆ ಹೋಗುವವರ ಈಕೋ, ಮೇಷ್ಟ್ರೊಬ್ಬರ ಟ್ರೈಬರ್, ಟ್ಯಾಕ್ಸಿ ಓಡಿಸುವ ಗೆಳೆಯನ ಎರ್ಟಿಗಾ. ಮೂರು ಭಾನುವಾರ, ಕೊಟ್ಟಿಗೆಹಾರದಿಂದ ಇಳಿದು ವಾಪಸ್ ಹತ್ತಿದೆವು. ಪ್ರತಿ ಸಲವೂ ಐದು ಜನ, ಹಿಂದೆ ಒಂದು ಮೂಟೆ ಅಕ್ಕಿ.

ಈಕೋ ಓಮ್ನಿಯ ತಮ್ಮನ ಹಾಗೆ. 2010ರಲ್ಲಿ ಬಂತು. ಈಗಿನದರಲ್ಲಿ 1197 ಸಿಸಿ ಇಂಜಿನ್, ಪೆಟ್ರೋಲಿನಲ್ಲಿ 81 ಪಿಎಸ್ ಶಕ್ತಿ. ಇಂಜಿನ್ ಮುಂದಿನ ಸೀಟಿನ ಕೆಳಗೇ ಇದೆ, ಎಳೆಯುವುದು ಹಿಂದಿನ ಚಕ್ರ. ಇದೇ ಅದರ ಬಲ. ಏರು ಹತ್ತುವಾಗ ಗಾಡಿಯ ಭಾರ ಹಿಂದಕ್ಕೆ ಸರಿಯುತ್ತದೆ, ಎಳೆಯುವ ಚಕ್ರದ ಮೇಲೇ ಬೀಳುತ್ತದೆ, ಹಿಡಿತ ಸಿಗುತ್ತದೆ. ತೋಟದ ಕೆಸರಿನ ದಾರಿಗೂ ಇದು ಅನುಕೂಲ. ಆದರೆ ಮೈ ಕಿರಿದು, ಎತ್ತರ ಜಾಸ್ತಿ, ಚಕ್ರ 13 ಇಂಚಿನದು. ಹಿಮ್ಮುರಿ ತಿರುವಿನಲ್ಲಿ ನಿಧಾನ ಮಾಡಲೇಬೇಕು. ಸ್ಲೈಡಿಂಗ್ ಬಾಗಿಲು ಅಗಲ, ಆದರೆ ನೆಲ ಎತ್ತರ. ಅಪ್ಪ ಮೊದಲು ಕಾಲೆತ್ತಿ ಆಮೇಲೆ ಕೂರಬೇಕು. ಅದೇ ಅವರಿಗೆ ಆಗದ ಕೆಲಸ.

ಟ್ರೈಬರ್ 2019ರಲ್ಲಿ ಬಂದದ್ದು. ಉದ್ದ ನಾಲ್ಕು ಮೀಟರಿನೊಳಗೆ, ಆದರೂ ಏಳು ಸೀಟು. ಇಂಜಿನ್ 999 ಸಿಸಿ, 72 ಪಿಎಸ್. ಏಳು ಜನ ಕೂತು ಎಸಿ ಹಾಕಿ ಘಾಟಿ ಹತ್ತಿದರೆ ಒಂದು ಲೀಟರಿನ ಇಂಜಿನ್ ಎಷ್ಟು ಎಳೆದೀತು? ಒಂದನೇ ಗೇರು, ಎರಡನೇ ಗೇರು, ಅಷ್ಟೆ. ಓವರ್‌ಟೇಕ್ ಆಸೆ ಬಿಡಬೇಕು. ಐದು ಜನಕ್ಕೆ ಸಾಕು. ಇದರ ಗುಣ ಇರುವುದು ಸೀಟಿನಲ್ಲಿ. ಕೊನೆಯ ಸಾಲಿನ ಸೀಟುಗಳನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಬಹುದು. ಎಲ್ಲ ಸೀಟು ಇದ್ದರೆ ಹಿಂದೆ 84 ಲೀಟರ್ ಜಾಗ, ಅಂದರೆ ಎರಡು ಕೈಚೀಲ. ಬಿಚ್ಚಿದರೆ 625 ಲೀಟರ್, ಮಡಚಿದ ವೀಲ್‌ಚೇರ್ ಆರಾಮಾಗಿ ಹಿಡಿಯುತ್ತದೆ. ಅಪ್ಪ ಮೊದಲು ಕೂತು, ಆಮೇಲೆ ಎರಡು ಕೈಯಲ್ಲಿ ಕಾಲು ಎತ್ತಿ ಒಳಗಿಟ್ಟುಕೊಂಡರು. ಯಾರ ಹೆಗಲೂ ಬೇಕಾಗಲಿಲ್ಲ.

ಓಡಿಸುವ ಸುಖ ಕೇಳಿದರೆ ಎರ್ಟಿಗಾ. 1462 ಸಿಸಿ, 103 ಪಿಎಸ್. ಅಣ್ಣ ಏರಿನಲ್ಲೂ ಮೂರನೇ ಗೇರಿನಲ್ಲಿ ಮಾತಾಡಿಕೊಂಡೇ ಓಡಿಸಿದ. ತಿರುವಿನಲ್ಲಿ ಮೂರರಲ್ಲೂ ಹೆಚ್ಚು ಸಮಾಧಾನ ಇದರದೇ. ಆದರೆ ಉದ್ದ 4,395 ಮಿಲಿಮೀಟರ್, ನಮ್ಮ ಮನೆಯ ಓಣಿಯಲ್ಲಿ ತಿರುಗಿಸಲು ಎರಡು ಸಲ ಹಿಂದೆಮುಂದೆ ಮಾಡಬೇಕು. ಬೆಲೆಯೂ ಕೈಗೆ ಎಟುಕದು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಗಾಡಿಗೆ ಜಿಎಸ್‌ಟಿ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40. ಈಕೋ, ಟ್ರೈಬರ್ ಈಚೆ ದಡ, ಎರ್ಟಿಗಾ ಆಚೆ ದಡ.

ಇಳಿಜಾರಿನ ಬಗ್ಗೆ ಒಂದು ಮಾತು. ಟ್ರೈಬರ್, ಎರ್ಟಿಗಾ ಎರಡೂ ಮುಂದಿನ ಚಕ್ರ ಎಳೆಯುವ ಗಾಡಿಗಳು. ಹಿಂದೆ ಪೂರ್ತಿ ತುಂಬಿಸಿ ಕೆಸರಿನ ಏರಿಗೆ ಹೋದರೆ ಮುಂದಿನ ಚಕ್ರ ಹಗುರಾಗಿ ಸುತ್ತುತ್ತದೆ. ಇನ್ನು ಯಾವ ಗಾಡಿಯೇ ಆಗಲಿ, ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್, ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರು ಈಗಲೂ ಇದ್ದಾರೆ. ಬ್ರೇಕ್ ಬಿಸಿಯಾಗಿ ಹಿಡಿಯದೇ ಹೋದರೆ ಆ ಉಳಿತಾಯ ಯಾರಿಗೆ?

ಗಾಡಿ ಯಾವುದೆಂದು ತೀರ್ಮಾನ ಮಾಡಿಸಿದ್ದು ಮಾತ್ರ ಅವ್ವನ ಒಂದು ಪ್ರಶ್ನೆ. 'ಏಳು ಸೀಟು ಅಂತೀರಲ್ಲ, ಕೊನೇ ಸೀಟಲ್ಲಿ ಮಕ್ಕಳನ್ನ ಕೂರಿಸ್ತೀರಿ. ಹಿಂದಿಂದ ಯಾವನಾದ್ರೂ ಗುದ್ದಿದ್ರೆ?' ಯಾರ ಹತ್ತಿರವೂ ಉತ್ತರ ಇರಲಿಲ್ಲ. ಚಿಕ್ಕ ಗಾಡಿಯ ಕೊನೆ ಸಾಲಿಗೂ ಹಿಂಬಾಗಿಲಿಗೂ ನಡುವೆ ಇರುವುದು ಗೇಣುದ್ದ ಜಾಗ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಈಕೋಗೆ 2016ರಲ್ಲಿ ಸೊನ್ನೆ ಬಂದಿತ್ತು, ಈಗ ಅದಕ್ಕೂ ಏರ್‌ಬ್ಯಾಗ್ ಬಂದಿದೆ. ದೊಡ್ಡವರ ರಕ್ಷಣೆಯಲ್ಲಿ ಎರ್ಟಿಗಾಗೆ 2019ರಲ್ಲಿ ಮೂರು ಸ್ಟಾರ್, ಟ್ರೈಬರ್‌ಗೆ 2021ರಲ್ಲಿ ನಾಲ್ಕು. ಆಮೇಲೆ ಪರೀಕ್ಷೆಯ ನಿಯಮವೇ ಬಿಗಿಯಾಗಿದೆ, ಹಾಗಾಗಿ ಹಳೇ ಸ್ಟಾರನ್ನು ಹೊಸ ಸ್ಟಾರಿನ ಜೊತೆ ತೂಗಬೇಡಿ. ಈ ಪರೀಕ್ಷೆಗಳಲ್ಲಿ ಮುಂದಿನಿಂದ ಗುದ್ದಿಸಿ ನೋಡುತ್ತಾರೆ. ಅವ್ವ ಕೇಳಿದ್ದು ಹಿಂದಿನ ಮಾತು.

ಆವತ್ತು ರಾತ್ರಿ ಒಂದು ಲೆಕ್ಕ ಹಾಕಿದೆವು. ಏಳೂ ಜನ ಒಟ್ಟಿಗೆ ಹೋಗುವುದು ವರ್ಷಕ್ಕೆ ಎಷ್ಟು ಸಲ? ಧರ್ಮಸ್ಥಳಕ್ಕೊಂದು, ಮದುವೆ ಮುಂಜಿಗೆ ಎರಡು. ಮೂರು ಸಲ. ಆಸ್ಪತ್ರೆಗೆ ಹನ್ನೆರಡು ಸಲ, ಅದರಲ್ಲಿ ಅಪ್ಪ, ಅವ್ವ, ಅಣ್ಣ, ಮತ್ತೆ ನಾವು. ನಾಲ್ಕೇ ಜನ, ಒಂದು ವೀಲ್‌ಚೇರ್. ಮೂರು ದಿನದ ಸಂಭ್ರಮಕ್ಕಾಗಿ ಇಡೀ ವರ್ಷದ ಗಾಡಿ ಆರಿಸುವುದು ಬೇಡ ಎಂದು ಅತ್ತಿಗೆಯೇ ಅಂದರು. ಆ ಮೂರು ದಿನಕ್ಕೆ ಬಾಡಿಗೆ ಇನ್ನೋವಾ ಸಾಕು. ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿ, ಏಳು ಜನರನ್ನು ಕೂರಿಸಿ ಘಾಟಿ ಹತ್ತಲು ಅದಕ್ಕೆ ಸಮ ಇನ್ನೊಂದಿಲ್ಲ, ಕೊಳ್ಳುವ ಶಕ್ತಿ ನಮಗಿಲ್ಲ ಅಷ್ಟೆ.

ಟ್ರೈಬರ್ ಬುಕ್ ಮಾಡಿದೆವು. ಗಾಡಿ ಬಂದ ಮೇಲೆ ಕೊನೆಯ ಎರಡು ಸೀಟು ಅಟ್ಟದ ಮೇಲೆ ಇರುತ್ತವೆ. 'ನಮ್ಮ ಸೀಟು ಅಟ್ಟಕ್ಕಾ?' ಎಂದು ಮಕ್ಕಳಿಗೆ ಬೇಜಾರಾಗಿದೆ. ಇರಲಿ.

ನೀವು ಗಾಡಿ ನೋಡಲು ಹೋಗುವಾಗ ಮೈಲೇಜ್ ಕೇಳುವ ಮೊದಲು ಎರಡು ಕೆಲಸ ಮಾಡಿ. ನಿಮ್ಮ ಮನೆಯವರನ್ನು ಕೂರಿಸಿ, ನಿಮ್ಮದೇ ಕೆಟ್ಟ ರಸ್ತೆಯಲ್ಲಿ ಓಡಿಸಿ ನೋಡಿ. ಮನೆಯಲ್ಲಿ ನಡೆಯಲು ಕಷ್ಟಪಡುವವರಿದ್ದರೆ ಅವರನ್ನೇ ಮೊದಲು ಹತ್ತಿಸಿ, ಇಳಿಸಿ ನೋಡಿ. ಮಿಕ್ಕ ಮಾತು ಆಮೇಲೆ.