ತಂದೆಯ ಹೆಸರಿನ ಕಾಲಂ

ನಮ್ಮ ಚಿಕ್ಕಪ್ಪ ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೂ ರಿಜಿಸ್ಟರ್ ಬರೆಯುವುದನ್ನು ಬಿಡಲಿಲ್ಲ. ಬರೆಯಲು ಪ್ರಜೆಗಳು ಬೇಕಲ್ಲ, ಮೀನು ಸಾಕಿದರು. ಗಪ್ಪಿ, ಪ್ಲಾಟಿ, ಸ್ವೋರ್ಡ್‌ಟೇಲ್: ಎಲ್ಲವೂ ಮೊಟ್ಟೆಯ ಗೊಡವೆಯಿಲ್ಲದೆ ನೇರ ಮರಿಯನ್ನೇ ಹಾಕುವಂಥವು. ಉದ್ದನೆಯ ಬೈಂಡು ಪುಸ್ತಕದಲ್ಲಿ ಕೆಂಪು ಗೀಟೆಳೆದು ತಾಯಿ, ತಂದೆ, ಮರಿಗಳು, ಷರಾ ಎಂದು ಮನೆ ಮಾಡಿಕೊಂಡಿದ್ದರು.

ತಾಪತ್ರಯವೆಲ್ಲ ತಂದೆಯ ಕಾಲಮ್ಮಿನದು. ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ಸಾಕು, ವೀರ್ಯವನ್ನು ಒಡಲಲ್ಲೇ ಕಾದಿಟ್ಟುಕೊಂಡು ತಿಂಗಳುಗಟ್ಟಲೆ ಕಂತಿನಲ್ಲಿ ಮರಿ ಹಾಕುತ್ತದೆ. ಗಂಡೇ ಇಲ್ಲದ ತೊಟ್ಟಿಯಲ್ಲಿ ಬೆಳಗ್ಗೆ ಎದ್ದು ನೋಡಿದರೆ ಕಣ್ಣು ಮಾತ್ರ ಕಾಣುವಷ್ಟು ಸಣ್ಣ ಮರಿಗಳು. ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ, "ಇದಕ್ಕೆ ಯಾರನ್ನೇ ಕೇಳೋದು?" ಎನ್ನುವರು. "ಹೆತ್ತವಳು ಅಲ್ಲೇ ಇದಾಳಲ್ಲ, ಕೇಳಿ" ಎಂದು ಚಿಕ್ಕಮ್ಮ ಒಗ್ಗರಣೆಗೆ ಸಾಸಿವೆ ಹಾಕುವರು.

ಗಂಡು ಸ್ವೋರ್ಡ್‌ಟೇಲಿನ ಬಾಲದ ಕೆಳಗೊಂದು ಕತ್ತಿಯುಂಟು, ಪ್ಲಾಟಿಗಿಲ್ಲ. ಮೆಕ್ಸಿಕೋ, ಮಧ್ಯ ಅಮೆರಿಕದ ಹೊಳೆಗಳಲ್ಲಿ ನೆರೆಹೊರೆಯವಾದರೂ ಅವು ಸಂಬಂಧ ಬೆಳೆಸುವುದು ಅಪರೂಪ. ಗಾಜಿನ ತೊಟ್ಟಿಯಲ್ಲಿ ಆ ಬಿಗುಮಾನ ಉಳಿಯುವುದಿಲ್ಲ. ನಮ್ಮಲ್ಲಿ ಹುಟ್ಟಿದ ಗಂಡಿಗೆ ಮೋಟು ಕತ್ತಿ! ಚಿಕ್ಕಪ್ಪ ಷರಾದಲ್ಲಿ "ಪರಿಶೀಲನೆಯಲ್ಲಿದೆ" ಎಂದು ಬರೆದರು. ಅಂಗಡಿಯಲ್ಲಿ ಸಿಗುವ ಬಣ್ಣದ ಪ್ಲಾಟಿಗಳಲ್ಲಿ ಬಹುಪಾಲು ಇಂಥ ಬೆರಕೆಯ ವಂಶದವೇ ಎಂದು ಹೇಳಿ ಅವರ ನಿದ್ದೆಗೆಡಿಸಲು ನನಗೆ ಮನಸ್ಸಾಗಲಿಲ್ಲ.

ಪಂಡಿತರ ಪಾಡೂ ಇದೇ. 1859ರಲ್ಲಿ ಪೀಟರ್ಸ್ ಹೆಸರಿಟ್ಟಿದ್ದ ಮೀನಿಗೆ 1866ರಲ್ಲಿ ಲಂಡನ್ನಿನ ಗುಂಥರ್, ಟ್ರಿನಿಡಾಡಿನಿಂದ ಅದನ್ನು ಕಳಿಸಿದ್ದ ಗಪ್ಪಿಯವರ ಹೆಸರಿಟ್ಟ. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬ ನಿಯಮದಿಂದ ಎರಡನೆಯದು ಬಿದ್ದುಹೋಯಿತು. ಜನರ ಬಾಯಲ್ಲಿ ಮಾತ್ರ ಗಪ್ಪಿ ಗಪ್ಪಿಯೇ. 1975ರಲ್ಲಿ ಜಾನ್ ಎಂಡ್ಲರ್ ವೆನೆಜುವೆಲಾದಲ್ಲಿ ಕಂಡ ಮಿರುಗುವ ಪುಟ್ಟ ಮೀನನ್ನು 2005ರಲ್ಲಿ ಪಂಡಿತರು ಬೇರೆಯೇ ಪ್ರಭೇದವೆಂದು ಸಾರಿದರು. ಅದೋ, ಗಪ್ಪಿಯ ಜೊತೆ ಬಿಟ್ಟರೆ ಸಂಸಾರ ಹೂಡಿ, ಮುಂದೆ ತಾವೂ ಹೆರಬಲ್ಲ ಮಕ್ಕಳನ್ನು ಪಡೆಯುತ್ತದೆ. ಬೇರೆ ಪ್ರಭೇದ ಹೌದೋ ಅಲ್ಲವೋ ಎಂಬ ವಾದ ನಿಂತಿಲ್ಲ. ಅವರ ಕಡತವೂ ಪರಿಶೀಲನೆಯಲ್ಲೇ ಇದೆ.

ಚಿಕ್ಕಪ್ಪ ತೀರಿಕೊಂಡ ಮೇಲೆ ಪುಸ್ತಕ ತಿರುವಿದೆ. ಕಡೆಕಡೆಯ ಪುಟಗಳಲ್ಲಿ "ತಂದೆ" ಎಂಬುದರ ಪಕ್ಕ ಓರೆಗೀಟೆಳೆದು "ಪೋಷಕರು" ಎಂದು ಸೇರಿಸಿದ್ದರು. ಕೆಳಗೆ ಸಾಲಿಗೊಂದರಂತೆ ಅವರದೇ ಸಹಿ, ಕೈ ನಡುಗುತ್ತಿದ್ದದ್ದು ತಿಳಿಯುವಂತೆ.

ನೀವು ಆ ಎಂಡ್ಲರ್ ಮೀನು ಸಾಕುವವರಾದರೆ ಒಂದು ಮಾತು: ಅದನ್ನು ಗಪ್ಪಿಗಳ ಜೊತೆ ಬಿಡಬೇಡಿ, ಕೆಲವೇ ತಲೆಮಾರಿನಲ್ಲಿ ಯಾವುದು ಯಾವುದೆಂದು ಗುರುತು ಹತ್ತದು. ಮರಿ ಹೆಚ್ಚಾದರೆ ಕೆರೆಗೆ ಸುರಿಯಬೇಡಿ, ಕೇಳಿದವರಿಗೆ ಕೊಡಿ.